ಕೂತ ಕೂಡಲೇ ಆ ಹಸಿರು ಎಲ್ಲಿ ಹೋಗುತ್ತದೆ?

ಪ್ರಶ್ನೆ: ನಮ್ಮದು ಮಲೆನಾಡು. ಅಡಿಕೆ ತೋಟದ ಅಂಚಿಗೆ ಸಣ್ಣ ಹಳ್ಳ ಹರಿಯುತ್ತದೆ. ಮಳೆಗಾಲ ಮುಗಿದು ನೀರು ತಿಳಿಯಾದ ಮೇಲೆ ಅಲ್ಲಿ ಏರೋಪ್ಲೇನ್ ಚಿಟ್ಟೆಯ ಹಾಗಿರುವ, ಆದರೆ ಅದಕ್ಕಿಂತ ಸಪೂರವಾದ ಒಂದು ಹುಳ ಕಾಣಿಸುತ್ತದೆ. ಹಾರುವಾಗ ಕಣ್ಣು ಕುಕ್ಕುವ ಹಸಿರು. ಬಂಡೆ ಮೇಲೆ ಕೂತ ಕೂಡಲೇ ಹಸಿರು ಮಾಯ. ಅದು ಬಣ್ಣ ಬದಲಿಸುತ್ತದಾ? ದಿನಾ ಅದೇ ಬಂಡೆ ಮೇಲಿರುತ್ತದೆ, ಅದೇ ಹುಳವಾ? ಹತ್ತಿರದಲ್ಲೇ ರೆಕ್ಕೆಗೆ ಬಿಳಿ ಚುಕ್ಕೆ ಇರುವ ಕಂದು ಬಣ್ಣದ್ದೂ ಒಂದಿದೆ, ಅದು ಬೇರೆ ಜಾತಿಯಾ? ಮಕ್ಕಳು ನೀರಿಗೆ ಇಳಿಯುತ್ತಾರೆ, ಕಚ್ಚುತ್ತದಾ? ಕೊನೆಯದಾಗಿ, ದರೆ ಕುಸಿಯುತ್ತಿದೆ ಅಂತ ಈ ಬೇಸಿಗೆಯಲ್ಲಿ ದಂಡೆಯ ಗಿಡಗಂಟಿ ಸವರಿ ಕಲ್ಲು ಕಟ್ಟಿಸಬೇಕು ಅಂದುಕೊಂಡಿದ್ದೇವೆ. ಅದರಿಂದ ಇವಕ್ಕೆ ತೊಂದರೆ ಆಗುತ್ತಾ?

ಉತ್ತರ: ಮೊದಲು ಸುಲಭದ್ದು ಮುಗಿಸೋಣ. ಕಚ್ಚುವುದಿಲ್ಲ, ಕುಟುಕುವುದಿಲ್ಲ. ಅದಕ್ಕೆ ಮುಳ್ಳೇ ಇಲ್ಲ. ಕೈಯಲ್ಲಿ ಹಿಡಿದರೆ ಚರ್ಮ ಕಚ್ಚಲು ನೋಡಬಹುದು, ಗೊತ್ತೂ ಆಗುವುದಿಲ್ಲ. ಮಕ್ಕಳು ಧೈರ್ಯವಾಗಿ ಇಳಿಯಲಿ.

ನೀವು ನೋಡಿದ್ದು ಸ್ಟ್ರೀಮ್ ಗ್ಲೋರಿ ಎಂಬ ಡ್ಯಾಮ್ಸೆಲ್‌ಫ್ಲೈ. ವೈಜ್ಞಾನಿಕ ಹೆಸರು ನ್ಯೂರೊಬೇಸಿಸ್ ಚೈನೆನ್ಸಿಸ್. ಅದರಲ್ಲಿ ಚೈನೆನ್ಸಿಸ್ ಅನ್ನುವ ಭಾಗ 1758ರಲ್ಲಿ ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ ಇಟ್ಟದ್ದು. ಹೆಸರಲ್ಲಿ ಚೀನಾ ಇದ್ದರೂ ಇದು ನಮ್ಮ ಘಟ್ಟದ ಹಳ್ಳಗಳ ಹಳೇ ನಿವಾಸಿಯೇ. ಭಾರತದಿಂದ ಹಿಡಿದು ಆಗ್ನೇಯ ಏಷ್ಯಾ ದಾಟಿ ದಕ್ಷಿಣ ಚೀನಾದವರೆಗೂ ಗುಡ್ಡಗಾಡಿನ ತೊರೆಗಳಲ್ಲಿ ಸಿಗುತ್ತದೆ. ಏರೋಪ್ಲೇನ್ ಚಿಟ್ಟೆ ಅಂತ ನಾವು ಕರೆಯುವ ಡ್ರ್ಯಾಗನ್‌ಫ್ಲೈಗೆ ಇದು ನೆಂಟ. ಕೂತಾಗ ವ್ಯತ್ಯಾಸ ಸಲೀಸಾಗಿ ಗೊತ್ತಾಗುತ್ತದೆ. ಡ್ರ್ಯಾಗನ್‌ಫ್ಲೈ ರೆಕ್ಕೆ ಅಗಲಿಸಿಕೊಂಡೇ ಕೂರುತ್ತದೆ, ಸ್ಟ್ರೀಮ್ ಗ್ಲೋರಿ ಬೆನ್ನ ಮೇಲೆ ರೆಕ್ಕೆ ಜೋಡಿಸಿಕೊಳ್ಳುತ್ತದೆ. ಕಣ್ಣುಗಳನ್ನೂ ನೋಡಿ. ಡ್ರ್ಯಾಗನ್‌ಫ್ಲೈನ ಕಣ್ಣುಗಳು ಸಾಮಾನ್ಯವಾಗಿ ತಲೆಯ ಮೇಲೆ ಒಂದಕ್ಕೊಂದು ತಾಗಿರುತ್ತವೆ. ಇದರ ಕಣ್ಣುಗಳು ತಲೆಯ ಆಚೆಗೊಂದು ಈಚೆಗೊಂದು, ನಡುವೆ ಚೆನ್ನಾಗಿ ಜಾಗ ಬಿಟ್ಟು ಇರುತ್ತವೆ.

ಹಸಿರು ಮಾಯವಾಗುವ ಗುಟ್ಟು ಆ ರೆಕ್ಕೆ ಜೋಡಿಸಿಕೊಳ್ಳುವುದರಲ್ಲೇ ಇದೆ. ಹುಳ ಬಣ್ಣ ಬದಲಿಸುವುದಿಲ್ಲ. ಗಂಡಿಗೆ ನಾಲ್ಕು ರೆಕ್ಕೆ. ಮುಂದಿನ ಎರಡು ಪಾರದರ್ಶಕ, ಸ್ವಲ್ಪ ಹಳದಿ-ಹಸಿರು ಛಾಯೆ ಅಷ್ಟೇ. ಮಿಂಚುವುದು ಹಿಂದಿನ ಎರಡು, ಅದೂ ಅವುಗಳ ಮೇಲ್ಭಾಗ ಮಾತ್ರ. ಬುಡದಿಂದ ಸುಮಾರು ಮೂರನೇ ಎರಡು ಭಾಗ ಲೋಹದ ಹೊಳಪಿನ ಹಸಿರು, ತುದಿಯ ಕಡೆ ಕಪ್ಪು. ಅದೇ ರೆಕ್ಕೆಯ ಅಡಿಭಾಗ ಮಂಕು ತಾಮ್ರಗಂದು. ಈಗ ರೆಕ್ಕೆ ಮುಚ್ಚಿದಾಗ ಏನಾಗುತ್ತದೆ ಯೋಚಿಸಿ. ಎರಡು ಹಸಿರು ಮುಖಗಳು ಒಳಗೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಹೊರಗೆ ಕಾಣುವುದು ಕಂದು ಮಾತ್ರ. ಒದ್ದೆ ಬಂಡೆ, ಕೊಳೆತ ಎಲೆ, ಅದರ ಮೇಲೆ ಈ ಕಂದು. ಹಾರುವ ಹಸಿರನ್ನೇ ಹಿಂಬಾಲಿಸಿಕೊಂಡು ಬಂದ ಕಣ್ಣಿಗೆ ಅದು ಥಟ್ಟನೆ ಇಲ್ಲವಾದ ಹಾಗೇ ಅನಿಸುತ್ತದೆ. ಅಟ್ಟಿಸಿಕೊಂಡು ಬಂದ ಹಕ್ಕಿಗೂ ಹಾಗೇ ಅನಿಸಿದರೆ ಆಶ್ಚರ್ಯವಿಲ್ಲ.

ಆ ಹಸಿರಿನಲ್ಲಿ ಹಸಿರು ಬಣ್ಣವೇ ಇಲ್ಲ ಅನ್ನುವುದು ಇನ್ನೂ ಮಜಾ. ಎಲೆಯಲ್ಲಿರುವಂಥ ಹಸಿರು ವರ್ಣದ್ರವ್ಯ ಈ ರೆಕ್ಕೆಯಲ್ಲಿಲ್ಲ. 2004ರಲ್ಲಿ ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದ ಪೀಟರ್ ವುಕುಸಿಕ್ ಮತ್ತು ಸಂಗಡಿಗರು ಇದೇ ಜಾತಿಯ ರೆಕ್ಕೆಯನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿ ವಿವರ ಪ್ರಕಟಿಸಿದರು. ರೆಕ್ಕೆಯ ಪೊರೆಯೊಳಗೆ ತೀರಾ ತೆಳುವಾದ ಪದರಗಳು ಒಂದರ ಮೇಲೊಂದು ಇವೆ. ಬೆಳಕು ಪ್ರತಿ ಪದರದಿಂದಲೂ ಸ್ವಲ್ಪ ಸ್ವಲ್ಪ ವಾಪಸ್ ಬರುತ್ತದೆ. ಹಾಗೆ ಬಂದ ಅಲೆಗಳಲ್ಲಿ ಹಸಿರಿನವು ಒಂದಕ್ಕೊಂದು ಕೂಡಿ ಜೋರಾಗುತ್ತವೆ, ಉಳಿದವು ಅಡಗುತ್ತವೆ. ಸೋಪಿನ ಗುಳ್ಳೆಯ ಮೇಲೆ ಬಣ್ಣ ಕಾಣುವುದೂ ಇದೇ ಲೆಕ್ಕದಲ್ಲಿ. ಗುಳ್ಳೆಯದು ಒಂದೇ ಪದರ, ಅದಕ್ಕೇ ಬಣ್ಣ ಪೇಲವ. ಇಲ್ಲಿ ಪದರ ಹಲವು, ಕೆಳಗೆ ಮೆಲನಿನ್ ಎಂಬ ಕಪ್ಪುಗಂದು ವರ್ಣದ್ರವ್ಯ ಬೇರೆ. ಅಡ್ಡಾದಿಡ್ಡಿ ಬೆಳಕನ್ನು ಮೆಲನಿನ್ ನುಂಗಿಬಿಡುವುದರಿಂದ ಹಸಿರು ಅಷ್ಟು ಅಚ್ಚುಕಟ್ಟಾಗಿ ಎದ್ದು ಕಾಣುತ್ತದೆ. ಅಡಿಭಾಗದ ಕಂದು ಕೂಡ ಅದೇ ಮೆಲನಿನ್ನಿನ ಕೊಡುಗೆ.

ಇದನ್ನು ನೀವೇ ಪರೀಕ್ಷೆ ಮಾಡಬಹುದು. ಕಾಲುಸಂಕದ ಮೇಲೆ ನಿಂತು, ಕೆಳಗೆ ಹಾರುವ ಗಂಡನ್ನು ನೇರ ಮೇಲಿಂದ ನೋಡಿ, ಹಸಿರು. ಆಮೇಲೆ ದಂಡೆಗೆ ಇಳಿದು ಕೂತು ಓರೆಯಾಗಿ ನೋಡಿ. ಅದೇ ರೆಕ್ಕೆ ನೀಲಿಯ ಕಡೆಗೆ ತಿರುಗಿರುತ್ತದೆ. ನೋಡುವ ಕೋನ ಬದಲಾದರೆ ಪದರಗಳೊಳಗೆ ಬೆಳಕಿನ ದಾರಿಯೂ ಬದಲಾಗುತ್ತದೆ, ಅದಕ್ಕೆ ಹೀಗೆ. ಫೋಟೋಗಳಲ್ಲಿ ಕೆಲವರಿಗೆ ಹಸಿರು, ಕೆಲವರಿಗೆ ನವಿಲುನೀಲಿ ಬರುವುದೂ ಇದರಿಂದಲೇ. ಎರಡು ಜಾತಿ ಅಂತ ವಾದ ಮಾಡುವವರನ್ನು ಕಂಡಿದ್ದೇನೆ, ವಾದ ಬೇಕಿಲ್ಲ.

ಇನ್ನು ಬಿಳಿ ಚುಕ್ಕೆಯ ಕಂದು ಹುಳ. ಅದು ಬೇರೆ ಜಾತಿಯಲ್ಲ, ಇದರದೇ ಹೆಣ್ಣು. ಮೈ ಹಸಿರು-ತಾಮ್ರ ಮಿಶ್ರ ಹೊಳಪು, ರೆಕ್ಕೆಗೆ ಚಹಾದ ತಿಳಿಬಣ್ಣ. ಹಿಂದಿನ ರೆಕ್ಕೆಯ ಅಂಚಿನ ನಡುವೆ ಒಂದು ಕೆನೆಬಿಳಿ ಚುಕ್ಕೆ, ತುದಿಯ ಹತ್ತಿರ ಇನ್ನೊಂದು. ಹಾರುವಾಗ ಆ ಚುಕ್ಕೆಗಳು ಮಿಣಮಿಣ ಅನ್ನುತ್ತವೆ. ಗಂಡಿನ ರೆಕ್ಕೆಯಲ್ಲಿ ಈ ಚುಕ್ಕೆ ಇಲ್ಲವೇ ಇಲ್ಲ. ಅಳತೆಯಲ್ಲಿ ಡ್ಯಾಮ್ಸೆಲ್‌ಫ್ಲೈಗಳ ಪೈಕಿ ಇವು ದೊಡ್ಡವೇ. ಗಂಡಿನ ಉದ್ದನೆಯ ಹೊಟ್ಟೆಭಾಗ ಒಂದೇ 45ರಿಂದ 50 ಮಿ.ಮೀ. ಇರುತ್ತದೆ.

ನಿಮ್ಮ ಹಳ್ಳದಲ್ಲೇ ಇದನ್ನು ಹೋಲುವ ಇನ್ನೊಂದು ಸಿಗಬಹುದು. ಫಾರೆಸ್ಟ್ ಗ್ಲೋರಿ ಅಂತ. ಅದರದೂ ಹಸಿರು ಮೈ, ಉದ್ದ ಕಾಲು. ಆದರೆ ರೆಕ್ಕೆ ನಾಲ್ಕೂ ಪಾರದರ್ಶಕ. ಅದು ಬಿಸಿಲಿನ ಬಂಡೆ ಬಿಟ್ಟು ನೆರಳಿನ ಪೊದೆಯಲ್ಲಿ, ಎಷ್ಟೋ ಸಲ ನೀರಿಂದ ದೂರದಲ್ಲಿ ಗುಂಪಾಗಿ ಕೂತಿರುತ್ತದೆ. ಹತ್ತಿರ ಹೋದರೆ ಎದ್ದು ನಾಲ್ಕು ಮಾರು ಆಚೆ ಮತ್ತೆ ಕೂರುತ್ತದೆ. ಎದೆಯ ಮೇಲೆ ಕೆಂಪು ಹೊಳೆಯುವ ಕುಳ್ಳ ಕಪ್ಪು ಹುಳ ಕಂಡರೆ ಅದು ಸ್ಟ್ರೀಮ್ ರೂಬಿ. ಅದರ ಕಥೆ ಇನ್ನೊಮ್ಮೆ.

ಈಗ ಬಂಡೆಯ ವಿಷಯ. ದಿನಾ ಅದೇ ಹುಳ ಇರುವ ಸಾಧ್ಯತೆ ಜಾಸ್ತಿ. ಈ ಕುಟುಂಬದ ಗಂಡುಗಳ ರೆಕ್ಕೆಗೆ ಗುರುತು ಹಾಕಿ ನೋಡಿದವರಿದ್ದಾರೆ. ಒಂದೇ ಗಂಡು ದಿನಗಟ್ಟಲೆ ಒಂದೇ ಜಾಗ ಬಿಡದೆ ಕಾಯುವುದು ಕಂಡುಬಂದಿದೆ. ಹಾಗಂತ ಯಾವಾಗಲೂ ಅದೇ ಅಂತ ಖಾತ್ರಿ ಕೊಡಲಾಗದು. ಯಜಮಾನ ಹಕ್ಕಿಯ ಬಾಯಿಗೆ ಸಿಕ್ಕರೆ ಆ ಜಾಗ ಬಹಳ ಹೊತ್ತು ಖಾಲಿ ಇರುವುದಿಲ್ಲ. ಜಾಗ ಸಿಗದ ಗಂಡುಗಳು ಆಸುಪಾಸಿನಲ್ಲೇ ಹೊಂಚು ಹಾಕಿಕೊಂಡು ಇರುತ್ತವೆ.

ಆದರೆ ಅದು ಕಾಯುತ್ತಿರುವುದು ಬಂಡೆಯನ್ನು ಅಂತ ತಿಳಿಯಬೇಡಿ. ಬಂಡೆ ಬರೀ ಕಾವಲುಗೋಪುರ. ಅಲ್ಲಿ ಕೂತು ಒಂದೆರಡು ಮಾರು ಸುತ್ತ ನೋಡಿ. ದಂಡೆಯಿಂದ ನೀರಿಗೆ ಇಳಿಬಿದ್ದ ಬೇರಿನ ಗೊಂಚಲು, ಮುಳುಗಿದ ಜೊಂಡು, ನೀರಲ್ಲಿ ಅಲ್ಲಾಡುವ ಎಲೆ, ಇಲ್ಲ ಒಂದು ಕೊಳೆತ ಕೊಂಬೆ, ಏನಾದರೊಂದು ಕಂಡೇ ಕಾಣುತ್ತದೆ. ಹೆಣ್ಣು ಮೊಟ್ಟೆ ಇಡುವುದು ಅಲ್ಲಿ. ಅಂಥ ಜಾಗ ಯಾರ ಕೈಯಲ್ಲಿದೆಯೋ ಅವನ ಹತ್ತಿರ ಹೆಣ್ಣು ಬರುತ್ತದೆ. ಹೊಳೆಯುವ ರೆಕ್ಕೆಯ ಸಂಭ್ರಮವೆಲ್ಲ ಕಡೆಗೆ ಆ ಬೇರಿನ ಗೊಂಚಲಿಗಾಗಿ. ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ ಇಲ್ಲೇ ಶುರುವಾಗುತ್ತದೆ, ಅದಕ್ಕೆ ಬರುತ್ತೇನೆ.

ಇನ್ನೊಂದು ಗಂಡು ಒಳಗೆ ಬಂದರೆ ಕೂತದ್ದು ಮೊದಲು ರೆಕ್ಕೆ ಒಮ್ಮೆ ತೆರೆದು ಮುಚ್ಚುತ್ತದೆ. ಒಂದು ಕ್ಷಣದ ಹಸಿರು. ಅಷ್ಟಕ್ಕೇ ಬಂದವನು ಹಿಂದೆ ಸರಿಯುವುದುಂಟು. ಸರಿಯದಿದ್ದರೆ ಬೆನ್ನಟ್ಟುವುದು, ಎದುರುಬದುರಾಗಿ ಮೇಲೇರುವುದು, ಸುತ್ತು ಹಾಕುವುದು. ಕಾದಾಟ ಅಂದರೂ ಅದರಲ್ಲಿ ಗಾಯ ಆಗುವುದು ಅಪರೂಪ. ಹಾಗಿದ್ದರೆ ಸೋಲು ಗೆಲುವು ತೀರ್ಮಾನ ಆಗುವುದು ಹೇಗೆ? ಅಮೆರಿಕದ ಜೇಮ್ಸ್ ಮಾರ್ಡೆನ್ ಮತ್ತು ಜೊನಾಥನ್ ವಾಗೆ 1990ರಲ್ಲಿ ಇದೇ ಕುಟುಂಬದ ಒಂದು ಜಾತಿಯ ಮೇಲೆ ಇದನ್ನು ಪರೀಕ್ಷಿಸಿದರು. ಉದ್ದಕ್ಕೆ ಎಳೆದ ಜಗಳಗಳಲ್ಲಿ ಸಾಮಾನ್ಯವಾಗಿ ಗೆದ್ದದ್ದು ಮೈಯಲ್ಲಿ ಕೊಬ್ಬು ಜಾಸ್ತಿ ಉಳಿಸಿಕೊಂಡ ಗಂಡು. ದೊಡ್ಡ ಮೈ, ಗಟ್ಟಿ ಮೈ ಅನ್ನುವುದು ಮುಖ್ಯ ಆಗಲಿಲ್ಲ. ಯಾರ ದಾಸ್ತಾನು ಮೊದಲು ಖಾಲಿಯಾಗುತ್ತದೋ ಅವನು ಹೊರಟ. ಮುದಿಯಾದಂತೆ ಕೊಬ್ಬು ಕರಗುತ್ತದೆ, ಜಾಗವೂ ಕೈತಪ್ಪುತ್ತದೆ.

ಹೆಣ್ಣು ಬಂದಾಗಿನ ನೋಟ ಬೇರೆಯೇ. ಸಾಮಾನ್ಯವಾಗಿ ನಾಲ್ಕು ರೆಕ್ಕೆಯ ಹುಳ ನಾಲ್ಕನ್ನೂ ಬಡಿದು ಹಾರುತ್ತದೆ, ಅಲ್ವಾ? ಸ್ಟ್ರೀಮ್ ಗ್ಲೋರಿಯ ಬಳಗದ ಗಂಡು ಹೆಣ್ಣಿನ ಮುಂದೆ ಕುಣಿಯುವಾಗ ಬರೀ ಮುಂದಿನ ಪಾರದರ್ಶಕ ರೆಕ್ಕೆಗಳನ್ನು ಬಡಿಯುತ್ತಾ ಗಾಳಿಯಲ್ಲಿ ನಿಲ್ಲಬಲ್ಲದು. ಹಿಂದಿನ ಎರಡನ್ನೂ ಅಗಲಿಸಿ ಸುಮ್ನೆ ಹಿಡಿದಿರುತ್ತದೆ. ಹಾರುವ ಕೆಲಸ ಒಂದು ಜೊತೆಗೆ, ತೋರಿಸುವ ಕೆಲಸ ಇನ್ನೊಂದು ಜೊತೆಗೆ. ಬಡಿಯುವ ಪಾರದರ್ಶಕ ರೆಕ್ಕೆ ಕಣ್ಣಿಗೆ ಕಾಣುವುದೇ ಇಲ್ಲ. ಕಾಣುವುದು ನೀರಿನ ಮೇಲೆ ತಾನಾಗಿಯೇ ನಿಂತ ಎರಡು ಹಸಿರು ಹಲಗೆ. ಕೀಟಲೋಕದಲ್ಲಿ ಇಂಥ ಕೆಲಸ ಹಂಚಿಕೆ ಬಹಳ ಕಮ್ಮಿ. ನನ್ನ ಮಟ್ಟಿಗೆ ಈ ಹುಳದ ಬಗ್ಗೆ ತಿಳಿಯಬೇಕಾದ ಒಂದೇ ಸಂಗತಿ ಆರಿಸು ಅಂದರೆ ಇದನ್ನೇ ಆರಿಸುತ್ತೇನೆ. ಯುರೋಪಿನಲ್ಲಿರುವ ಇದರ ನೆಂಟನ ಗಂಡಂತೂ ನೀರಿನ ಮೇಲೇ ಇಳಿದು ಹರಿವಿನ ಜೊತೆ ತೇಲಿಕೊಂಡು ಹೋಗಿ, ಇಲ್ಲಿ ಮೊಟ್ಟೆ ಇಡಬಹುದು ಅಂತ ಹೆಣ್ಣಿಗೆ ಜಾಗ ತೋರಿಸುತ್ತದೆ.

ಕೂಡುವಾಗ ಗಂಡು ಬಾಲದ ತುದಿಯ ಇಕ್ಕಳದಿಂದ ಹೆಣ್ಣಿನ ಕತ್ತಿನ ಹಿಂಭಾಗ ಹಿಡಿಯುತ್ತದೆ. ಹೆಣ್ಣು ಹೊಟ್ಟೆ ಬಗ್ಗಿಸಿ ಗಂಡಿನ ಹೊಟ್ಟೆಯ ಬುಡಕ್ಕೆ ತಾಗಿಸುತ್ತದೆ. ಎರಡೂ ಸೇರಿ ಚಕ್ರದ ಆಕಾರ. ಇದೇ ವಾಗೆ 1979ರಲ್ಲಿ ತೋರಿಸಿದ ಒಂದು ವಿಷಯ ಆಗ ದೊಡ್ಡ ಸುದ್ದಿಯಾಗಿತ್ತು. ಆ ಅಮೆರಿಕದ ಜಾತಿಯ ಗಂಡು, ತನ್ನ ವೀರ್ಯ ಸೇರಿಸುವ ಮೊದಲು, ಹಿಂದೆ ಕೂಡಿದ ಗಂಡಿನ ವೀರ್ಯವನ್ನು ಬಹುಪಾಲು ಕೆರೆದು ಹೊರಗೆ ಹಾಕುತ್ತದೆ. ಕೊನೆಯಲ್ಲಿ ಕೂಡಿದವನಿಗೇ ಲಾಭ. ಕೂಡಿದ ಮೇಲೂ ಗಂಡು ಹೆಣ್ಣಿನ ಪಕ್ಕ ಬಿಡದೆ ಕಾವಲು ಕಾಯುವುದು ಯಾಕೆ ಅಂತ ಇದರಿಂದ ಅರ್ಥವಾಗುತ್ತದೆ. ತಾನು ಅತ್ತ ತಿರುಗಿದರೆ ಇನ್ನೊಬ್ಬ ಬಂದು ಲೆಕ್ಕ ಅಳಿಸುತ್ತಾನೆ.

ಮೊಟ್ಟೆಗಳನ್ನು ಹೆಣ್ಣು ನೀರಿಗೆ ಉದುರಿಸಿ ಹೋಗುವುದಿಲ್ಲ. ಹೊಟ್ಟೆಯ ತುದಿಯಲ್ಲಿ ಸಣ್ಣ ಗರಗಸದಂಥ ಅಂಗ ಇದೆ. ಅದರಿಂದ ಬೇರು, ಕಾಂಡ, ನೆನೆದ ಕಟ್ಟಿಗೆಯಲ್ಲಿ ಸೀಳು ಮಾಡಿ ಒಂದೊಂದಾಗಿ ಒಳಗೆ ಸೇರಿಸುತ್ತದೆ. ಕೆಲವೊಮ್ಮೆ ಬೇರು ಹಿಡಿದುಕೊಂಡು ಹಿಮ್ಮುಖವಾಗಿ ಇಳಿಯುತ್ತಾ ಇಳಿಯುತ್ತಾ ಪೂರ್ತಿ ಮುಳುಗಿಬಿಡುತ್ತದೆ. ಮೈಗೆ, ರೆಕ್ಕೆಗೆ ಅಂಟಿದ ಗಾಳಿಯ ಪೊರೆ ನೀರೊಳಗೆ ಬೆಳ್ಳಿಯ ಹಾಗೆ ಹೊಳೆಯುತ್ತದೆ. ಉಸಿರಿಗೆ ಅದೇ ಆಧಾರ. ಹೊರಗೆ ಗಂಡು ಕಾಯುತ್ತಿರುತ್ತದೆ. ಹೀಗೆ ಮುಳುಗಿದ್ದನ್ನು ಕಂಡರೆ, ಪಾಪ ಬಿದ್ದುಹೋಯಿತು ಅಂತ ಎತ್ತಿ ಹೊರಗೆ ಇಡಬೇಡಿ.

ಮೊಟ್ಟೆ ಒಡೆದು ಬಂದ ಮರಿ ತಾಯಿ ತಂದೆಯನ್ನು ಒಂದಿಷ್ಟೂ ಹೋಲುವುದಿಲ್ಲ. ಸಣ್ಣ ಒಣಕಡ್ಡಿಗೆ ಉದ್ದ ಕಾಲು ಬಂದಂತಿರುತ್ತದೆ. ಬೇರಿನ ಗೊಂಚಲು ಅಥವಾ ಎಲೆಕಸದ ಗುಪ್ಪೆಯಲ್ಲಿ ಅಲ್ಲಾಡದೆ ಹಿಡಿದುಕೊಂಡಿರುತ್ತದೆ. ಬಾಲದಲ್ಲಿ ಮೂರು ಕಿವಿರು. ಈ ಕುಟುಂಬದ ಮರಿಯನ್ನು ಗುರುತಿಸಲು ಮೀಸೆ ನೋಡಬೇಕು, ಅದರ ಮೊದಲ ಗೆಣ್ಣು ಉಳಿದೆಲ್ಲ ಗೆಣ್ಣಿಗಿಂತ ದಪ್ಪ ಮತ್ತು ಉದ್ದ. ಕೆಳದುಟಿ ಮಡಚಿಟ್ಟ ತೋಳಿನ ಹಾಗಿದೆ. ಬೇಟೆ ಹತ್ತಿರ ಬಂದಾಗ ಅದು ರಪ್ಪಂತ ಮುಂದೆ ಚಾಚಿ ಹಿಡಿದು ಬಾಯಿಗೆ ತರುತ್ತದೆ. ಸೊಳ್ಳೆಮರಿ, ನೀರಿನ ಸಣ್ಣ ಹುಳಗಳು, ಸಿಕ್ಕಿದ್ದೆಲ್ಲ ಊಟ. ಹೀಗೆ ವಾರಗಳು, ತಿಂಗಳುಗಳು ನೀರಲ್ಲೇ ಕಳೆದು, ಹಲವು ಸಲ ಪೊರೆ ಬಿಟ್ಟು, ಕೊನೆಗೆ ಕಲ್ಲನ್ನೋ ಬೇರನ್ನೋ ಹತ್ತಿ ಹೊರಗೆ ಬರುತ್ತದೆ. ಬೆನ್ನು ಸೀಳಿ ರೆಕ್ಕೆಯ ಹುಳ ಹೊರಬಂದ ಮೇಲೆ ಪೊರೆ ಅಲ್ಲೇ ಅಂಟಿಕೊಂಡಿರುತ್ತದೆ. ಬೆಳಗ್ಗೆ ಬಂಡೆಯ ಬದಿಗಳನ್ನು ಹುಡುಕಿದರೆ ಸಿಗಬಹುದು. ರೆಕ್ಕೆ ಬಂದ ಮೇಲಿನ ಬದುಕು ಕೆಲವೇ ವಾರ. ಅಂದರೆ ನೀವು ನೋಡಿ ಖುಷಿಪಡುವ ಹಸಿರು ಇದರ ಬದುಕಿನ ಕೊನೆಯ ಚೂರು ಅಷ್ಟೇ.

ಮರಿ ಉಸಿರಾಡುವುದು ನೀರಲ್ಲಿ ಕರಗಿದ ಆಮ್ಲಜನಕದಿಂದ. ಕಲ್ಲಿಗೆ ಬಡಿದು ನೊರೆಯೆದ್ದು ಹರಿಯುವ, ಮೇಲೆ ಮರದ ನೆರಳಿರುವ ತಂಪು ನೀರಲ್ಲಿ ಅದು ಜಾಸ್ತಿ ಇರುತ್ತದೆ. ನಿಂತ ನೀರಲ್ಲಿ, ಕೆರೆಯಲ್ಲಿ ಸ್ಟ್ರೀಮ್ ಗ್ಲೋರಿ ಹುಡುಕಿ ಪ್ರಯೋಜನವಿಲ್ಲ. ಹಾಗೆಂದು ಪೂರ್ತಿ ಕತ್ತಲೆಯ ಕಾಡೂ ಬೇಡ. ರೆಕ್ಕೆ ಮಿಂಚಬೇಕಾದರೆ ಬಿಸಿಲು ಬೀಳಬೇಕಲ್ಲ. ನೆರಳಿನ ಹಳ್ಳದಲ್ಲಿ ಅಲ್ಲಲ್ಲಿ ಬಿಸಿಲಿನ ತುಂಡು ಬೀಳುವ ಜಾಗ ಇದಕ್ಕೆ ಸರಿಯಾದದ್ದು. ಇದು ಇದ್ದರೆ ನೀರು ಕುಡಿಯಲು ಯೋಗ್ಯ ಅಂತ ಕೆಲವರು ಹೇಳುತ್ತಾರೆ. ಅದನ್ನು ನಂಬಬೇಡಿ. ಹುಳಕ್ಕೆ ಬೇಕಾದ ನೀರು ಬೇರೆ, ಕಾಯಿಲೆ ತರುವ ರೋಗಾಣು ಇಲ್ಲದ ನೀರು ಬೇರೆ. ಜಾತಿ ಒಟ್ಟಾರೆ ಅಳಿವಿನಂಚಿನಲ್ಲೇನೂ ಇಲ್ಲ. ಅಪಾಯ ಬರುವುದು ಒಂದೊಂದೇ ಹಳ್ಳಕ್ಕೆ.

ಇನ್ನು ನಿಮ್ಮ ದರೆ. ದಂಡೆ ಪೂರ್ತಿ ಸವರಿ, ಉದ್ದಕ್ಕೂ ಸಿಮೆಂಟು ಹಾಕಿ ಕಲ್ಲು ಕಟ್ಟಿದರೆ ತೊಂದರೆ ಖಂಡಿತ ಆಗುತ್ತದೆ. ಮೊಟ್ಟೆ ಇಡಲು ಬೇರಿಲ್ಲ, ಮರಿಗೆ ಅಡಗಲು ಜಾಗವಿಲ್ಲ, ನೆರಳು ಹೋಗಿ ನೀರು ಬಿಸಿ. ಬಂಡೆ ಹಾಗೇ ಇರುತ್ತದೆ, ಅದರ ಮೇಲೆ ಕೂರಲು ಗಂಡಿಗೆ ಕಾರಣವೇ ಇರುವುದಿಲ್ಲ. ಜೊತೆಗೆ, ದರೆಯ ಮಣ್ಣನ್ನು ಹಿಡಿದಿರುವುದೂ ಆ ಬೇರುಗಳೇ.

ಹಾಗಂತ ತೋಟ ಕೊಚ್ಚಿಕೊಂಡು ಹೋಗಲಿ ಅಂತ ಹೇಳಲಾರೆ. ನೀರು ತಿರುಗಿ ಹೊಡೆಯುವ ತಿರುವಿನಲ್ಲಿ ಮಾತ್ರ ಕಲ್ಲು ಕಟ್ಟಿಸಿ. ಉಳಿದ ಕಡೆ ಬಿಟ್ಟುಬಿಡಿ. ಕಟ್ಟುವ ಕಡೆಯೂ ಸಿಮೆಂಟಿಲ್ಲದೆ ಒಣಗಲ್ಲು ಜೋಡಿಸಿದರೆ ಸಂದಿಯಲ್ಲಿ ಗಿಡ ಹುಟ್ಟಿ ಬೇರು ಮತ್ತೆ ನೀರಿಗೆ ಇಳಿಯುತ್ತದೆ. ಸವರಲೇಬೇಕಾದರೆ ಎರಡೂ ದಂಡೆ ಒಂದೇ ವರ್ಷ ಬೇಡ. ಒಂದು ಬದಿ ಈ ಬೇಸಿಗೆ, ಇನ್ನೊಂದು ಮುಂದಿನ ಬೇಸಿಗೆ. ಬುಡ ಕೀಳಬೇಡಿ, ಮೇಲೆ ಕತ್ತರಿಸಿದರೆ ಸಾಕು. ನೀರಿಗೆ ತಾಗಿದ ಬೇರು, ಹೊಳೆಮತ್ತಿಯಂಥ ದಂಡೆಮರ, ಕೇದಗೆಯ ಹಿಂಡು ಇದ್ದರೆ ಅವನ್ನು ಮುಟ್ಟುವುದೇ ಬೇಡ.

ನೀವು ಕೇಳದ ಒಂದು ಮಾತನ್ನೂ ಸೇರಿಸುತ್ತೇನೆ. ಅಡಿಕೆ ತೋಟ ಅಂದಿರಿ. ಕೊಳೆರೋಗಕ್ಕೆ ಬೋರ್ಡೋ, ಅಂದರೆ ಮೈಲುತುತ್ತ-ಸುಣ್ಣದ ದ್ರಾವಣ, ಹೊಡೆದ ಮೇಲೆ ಡ್ರಮ್ಮು, ಪಂಪು, ಪೈಪು ತೊಳೆಯುವುದು ಎಷ್ಟೋ ತೋಟಗಳಲ್ಲಿ ಹಳ್ಳದಲ್ಲೇ. ಮೈಲುತುತ್ತದ ತಾಮ್ರ ನೀರಿನ ಸಣ್ಣ ಜೀವಿಗಳಿಗೆ ವಿಷ. ಮಳೆಗಾಲದ ಆ ಹೊತ್ತಿಗೆ ಹುಳ ಕಣ್ಣಿಗೆ ಕಾಣದಿದ್ದರೂ ಮರಿಗಳು ನೀರಲ್ಲಿ ಇರುತ್ತವೆ. ತೊಳೆದ ನೀರನ್ನು ಹಳ್ಳದಿಂದ ದೂರ, ತೋಟದ ಮೇಲ್ಗಡೆ ಒಂದು ಗುಂಡಿಗೆ ಹಾಕುವ ಅಭ್ಯಾಸ ಮಾಡಿಸಿ. ಕೆಲಸದವರಿಗೂ ಮೊದಲೇ ಹೇಳಿಡಿ. ಕಲ್ಲು ಕಟ್ಟುವ ಲೆಕ್ಕಾಚಾರಕ್ಕಿಂತ ಇದು ಸಲೀಸು, ಖರ್ಚೂ ಇಲ್ಲ.